ಕಾರವಾರದ ಬೈತಖೋಲದಿಂದ ನಮ್ಮ ಲೆಫ್ಟ್ ಬ್ಯಾಕ್‌ಗೆ

2025ರ ನವೆಂಬರ್ ಕೊನೆ

ಗೆಳೆಯಾ,

ನಮ್ಮ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ ಕೊಂಡ ಇಸಾಕ್ ಅಷ್ಟು ದುಡ್ಡಿಗೆ ತಕ್ಕವನಾ ಅಲ್ಲವಾ, ಒಂದೇ ಮಾತಲ್ಲಿ ಹೇಳು ಅಂತ ಕೇಳಿದ್ದೀಯ. ಒಂದೇ ಮಾತಲ್ಲಿ ಮುಗಿಯುವ ಹಾಗಿದ್ದರೆ ಫೋನಿನಲ್ಲೇ ಹೇಳುತ್ತಿದ್ದೆ. ಎಲ್ಲರಿಗೂ ಕಾಣುವ ಹಾಗೆ ಬರೆಯುವುದಕ್ಕೆ ಕಾರಣ ಇದೆ. ಈ ತಕರಾರಿಗೆ ಬೈತಖೋಲದ ದಕ್ಕೆಯಲ್ಲಿ, ಮೀನು ಇಳಿಸುವ ಜಾಗದಲ್ಲಿ, ಮೂರು ಪಂಗಡ ಆಗಿ, ಮೂರೂ ಪಂಗಡದವರು ನಾನು ತಮ್ಮ ಕಡೆ ಅಂತ ಹೇಳಿಕೊಂಡು ತಿರುಗುತ್ತಿದ್ದಾರೆ. ನನ್ನ ಮಾತು ನನ್ನ ಬಾಯಿಂದಲೇ ಬರಲಿ. ಅವರಲ್ಲಿ ಒಬ್ಬನಾದ ಹಸಿರು ಕೊಡೆಯವನೂ ಓದಲಿ.

ನಿನಗೆ ನೆನಪಿರಬೇಕು, ಇಂಗ್ಲೆಂಡಿನ ಕ್ಲಬ್ಬುಗಳು ಆಟಗಾರರನ್ನು ಕೊಂಡು ಮಾರುವ ಬೇಸಿಗೆ ವಿಂಡೋ ಅಂದರೆ ನಮಗೆ ಹೊಡೆಯುವ ಮಳೆ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧ. ಬೋಟುಗಳೆಲ್ಲ ದಡದಲ್ಲಿ, ಬಲೆ ಹೊಲಿಯುವವರ ಕೈಗೆ ಕೆಲಸ, ಬಾಯಿಗೆ ಬಿಡುವು. ಈ ವರ್ಷ ಆ ಬಿಡುವನ್ನೆಲ್ಲ ಲಿವರ್‌ಪೂಲ್ ತುಂಬಿಕೊಟ್ಟಿತು. ಫ್ರಿಂಪಾಂಗ್ ಬಂದ, ವಿರ್ಟ್ಸ್ ಬಂದ, ಕೆರ್ಕೆಜ್ ಬಂದ, ಎಕಿಟಿಕೆ ಬಂದ. ಕೊನೆಗೆ ಸೆಪ್ಟೆಂಬರ್ 1ರಂದು, ವಿಂಡೋ ಮುಚ್ಚುವ ದಿನ, 12.5 ಕೋಟಿ ಪೌಂಡ್‌ಗೆ ಅಲೆಕ್ಸಾಂಡರ್ ಇಸಾಕ್. ಬ್ರಿಟನ್ನಿನ ಯಾವ ಕ್ಲಬ್ಬೂ ಅದಕ್ಕೆ ಮೊದಲು ಒಬ್ಬ ಆಟಗಾರನಿಗೆ ಅಷ್ಟು ಕೊಟ್ಟಿರಲಿಲ್ಲ. ನಮ್ಮ ಹಣದಲ್ಲಿ 1,450 ಕೋಟಿ ರೂಪಾಯಿಗೂ ಮೇಲೆ. ಅಷ್ಟೊತ್ತಿಗೆ ಬೋಟುಗಳು ಕಡಲಿಗೆ ಇಳಿದಾಗಿತ್ತು. ಹಲವರಿಗೆ ಸುದ್ದಿ ಸಿಕ್ಕಿದ್ದೇ ದಕ್ಕೆಗೆ ವಾಪಸ್ ಬಂದ ಮೇಲೆ. ಮೀನು ಇಳಿಸುವುದಕ್ಕಿಂತ ಮೊದಲು ಜಗಳ ಇಳಿಯಿತು.

ಒಂದು ಪಂಗಡದ್ದು ಲಿಲಾವಿನ, ಅಂದರೆ ಹರಾಜಿನ ವಾದ. ಬೆಳಗಿನ ಲಿಲಾವಿಗೆ ಗೋವಾದ ಲಾರಿಯವರು ಹೆಚ್ಚು ಬಂದರೆ ಇಸ್ವಾಣದ ದರ ಏರುತ್ತದೆ, ಅದರಿಂದ ಮೀನೇನೂ ದೊಡ್ಡದಾಗುವುದಿಲ್ಲ ಅನ್ನುತ್ತಾರೆ. ನನಗೆ ಇದರಲ್ಲಿ ಸತ್ಯ ಕಾಣುತ್ತದೆ. ಮಾರಲು ಮನಸ್ಸಿಲ್ಲದ ನ್ಯೂಕ್ಯಾಸಲ್, ಅಲ್ಲಿ ಇನ್ನು ಆಡಲು ಒಪ್ಪದ ಇಸಾಕ್, ಬಿಡಲು ತಯಾರಿಲ್ಲದ ನಾವು. ಆ ದರ ಹುಟ್ಟಿದ್ದು ಈ ಮೂವರ ಹಟದಿಂದ.

ಎರಡನೆಯದು ನಮ್ಮೂರ ತಂಡದ ಗೋಲ್‌ಕೀಪರ್‌ನ ಪಂಗಡ. ಅವನೀಗ ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಾನಲ್ಲ, ಐಸಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಎಲ್ಲರಿಗೂ ಪಾಠ ಮಾಡಿದ. 12.5 ಕೋಟಿಯನ್ನು ಒಂದೇ ವರ್ಷದ ಖರ್ಚು ಅಂತ ಯಾರೂ ಬರೆಯುವುದಿಲ್ಲ, ಒಪ್ಪಂದದ ವರ್ಷಗಳಿಗೆ ಹಂಚಿ ಬರೆಯುತ್ತಾರೆ. ಚೆಲ್ಸಿಯವರು ಏಳೆಂಟು ವರ್ಷದ ಒಪ್ಪಂದ ಮಾಡಿಸಿ ವರ್ಷದ ಖರ್ಚನ್ನು ತೆಳ್ಳಗೆ ಮಾಡಿಕೊಂಡಿದ್ದರು. 2023ರಲ್ಲಿ ಅದಕ್ಕೆ ಐದು ವರ್ಷದ ಮಿತಿ ಬಂತು. ಹಾಗಾಗಿ ಇಸಾಕ್ ಆರು ವರ್ಷಕ್ಕೆ ಸಹಿ ಹಾಕಿದ್ದರೂ ಪುಸ್ತಕದಲ್ಲಿ ವರ್ಷಕ್ಕೆ 2.5 ಕೋಟಿ ಪೌಂಡ್, ಸಂಬಳ ಬೇರೆ. ಇತ್ತ ಡಿಯಾಸ್ ಬಾಯರ್ನ್‌ಗೆ ಹೋದ, ನೂನ್ಯೆಸ್ ಅಲ್ ಹಿಲಾಲ್‌ಗೆ ಹೋದ, ಕ್ವಾನ್ಸಾ ಲೆವರ್ಕುಸೆನ್‌ಗೆ ಹೋದ. ಆ ಹಣವನ್ನೂ ಕಳೆದು ನೋಡಬೇಕು. ಅದರಲ್ಲೂ ಕ್ವಾನ್ಸಾ ನಮ್ಮ ಅಕಾಡೆಮಿಯ ಹುಡುಗ, ಕೊಂಡ ಬೆಲೆ ಅಂತ ಪುಸ್ತಕದಲ್ಲಿ ಏನೂ ಇಲ್ಲ, ಬಂದದ್ದು ಪೂರಾ ಲಾಭ. ಮನೆಯಲ್ಲಿ ಬೆಳೆದವನನ್ನು ಮಾರಿದಾಗಲೇ ಲೆಕ್ಕ ಅತಿ ಚೆಂದ ಕಾಣುವುದು. ಈ ಮಾತು ಆವತ್ತಿನಿಂದ ನನ್ನೊಳಗೆ ಮುಳ್ಳಿನ ಹಾಗೆ ಕೂತಿದೆ. ಯಾಕೆ ಅಂತ ಆಮೇಲೆ ಬರೆಯುತ್ತೇನೆ.

ಮೂರನೆಯವರು ಚಿಯೇಸಾ ಪಂಗಡ. ಅವರದು ಒಂದೇ ಪ್ರಶ್ನೆ. 2024ರ ಬೇಸಿಗೆಯಲ್ಲಿ ತಂಡಕ್ಕೆ ಸೇರಿದ್ದು ಚಿಯೇಸಾ ಒಬ್ಬನೇ, ಅದೂ 1 ಕೋಟಿ ಪೌಂಡ್‌ಗೆ, ಮೇಲೆ ಸ್ವಲ್ಪ ಷರತ್ತಿನ ಹಣ, ಒಪ್ಪಂದದ ಷರತ್ತು ಪೂರೈಸಿದರೆ ಮಾತ್ರ ಕೊಡುವಂಥದ್ದು. ಆ ಋತುವಿನಲ್ಲಿ ನಾವು ಲೀಗ್ ಗೆದ್ದೆವು. ಏಪ್ರಿಲ್ 27ರಂದು ಟಾಟನ್‌ಹ್ಯಾಮ್‌ಗೆ 5-1, ಇನ್ನೂ ನಾಲ್ಕು ಪಂದ್ಯ ಉಳಿದಿರುವಾಗಲೇ ಇಪ್ಪತ್ತನೇ ಪ್ರಶಸ್ತಿ. ಈಗ 40 ಕೋಟಿ ಪೌಂಡ್‌ಗಿಂತ ಹೆಚ್ಚು ಸುರಿದು ಮ್ಯಾಂಚೆಸ್ಟರ್ ಸಿಟಿ ಕೈಯಲ್ಲಿ 0-3, ನಮ್ಮದೇ ಮೈದಾನ ಆನ್‌ಫೀಲ್ಡ್‌ನಲ್ಲೇ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕೈಯಲ್ಲಿ 0-3, ಮೊನ್ನೆ ಪಿಎಸ್‌ವಿ ಕೈಯಲ್ಲಿ 1-4. ಹಾಗಾದರೆ ಕೊಂಡದ್ದು ಏನನ್ನು?

ನನ್ನ ತೀರ್ಪು ಬೇಕಲ್ಲ, ತಗೋ. ಎಕಿಟಿಕೆ ಈಗಲೇ ತನ್ನ ಬೆಲೆ ತೀರಿಸುವ ದಾರಿಯಲ್ಲಿದ್ದಾನೆ. ಇಸಾಕ್‌ಗೆ ಬೇಸಿಗೆಯ ತಯಾರಿಯೇ ಇರಲಿಲ್ಲ. ಕ್ಲಬ್ಬಿನ ಜೊತೆ ಜಗಳದಲ್ಲಿ ತಿಂಗಳುಗಳು ಹೋದವು, ಆ ಕಾಲು ಓಟಕ್ಕೆ ಮರಳಲು ಚಳಿಗಾಲ ಪೂರ್ತಿ ಬೇಕು. ದರ ಹೆಚ್ಚಾಯಿತು, ಆಟಗಾರ ಕಡಿಮೆಯವನಲ್ಲ. ವಿರ್ಟ್ಸ್ ಬಗ್ಗೆ ಮಾತ್ರ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಈ ನವೆಂಬರ್‌ವರೆಗೆ ಲೀಗ್‌ನಲ್ಲಿ ಗೋಲು ಬಂದಿಲ್ಲ, ಸರಿ. ಆದರೆ ಚೆಂಡು ಕಾಲಿಗೆ ಬರುವ ಮೊದಲೇ ಅವನ ತಲೆ ಎರಡು ಸಲ ತಿರುಗಿರುತ್ತದೆ ನೋಡು. ಅವನು ಪಾಸ್ ಕೊಡುವ ಜಾಗಕ್ಕೆ ಉಳಿದವರು ಓಡಲು ಕಲಿಯಬೇಕು, ಅಷ್ಟೇ ಬಾಕಿ.

ವಿರ್ಟ್ಸ್ ಅಂದಾಗ ನೆನಪಾಯಿತು. ಅವನು ಲೆವರ್ಕುಸೆನ್ ಹುಡುಗ ಅಂತ ಎಲ್ಲರೂ ಅನ್ನುತ್ತಾರೆ. ಚಿಕ್ಕಂದಿನಿಂದ ಸುಮಾರು ಹತ್ತು ವರ್ಷ ಅವನನ್ನು ಬೆಳೆಸಿದ್ದು ಪಕ್ಕದ ಊರಿನ ಕೋಲ್ನ್ ಕ್ಲಬ್. 2020ರ ಜನವರಿಯಲ್ಲಿ, 16 ವರ್ಷದವನಿದ್ದಾಗ, ನದಿ ದಾಟಿದ ಹಾಗೆ ಲೆವರ್ಕುಸೆನ್‌ಗೆ ಹೋದ. ಐದು ವರ್ಷದ ಮೇಲೆ ಅವನಿಗೆ 10 ಕೋಟಿ ಪೌಂಡ್, ಮೇಲೆ 1.6 ಕೋಟಿ ಷರತ್ತಿನ ಹಣ. ಬಹುಪಾಲು ಹೋದದ್ದು ಲೆವರ್ಕುಸೆನ್‌ಗೆ. ಫಿಫಾದ ಒಂದು ನಿಯಮ ಇದೆ, ಬಹಳ ಜನ ಗಮನಿಸುವುದಿಲ್ಲ. ಆಟಗಾರ ಒಂದು ದೇಶದಿಂದ ಇನ್ನೊಂದಕ್ಕೆ ಮಾರಾಟವಾದರೆ ಆ ಹಣದ ಶೇ 5, ಅವನನ್ನು 12ರಿಂದ 23ನೇ ವಯಸ್ಸಿನವರೆಗೆ ಕಲಿಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. 12ರಿಂದ 15ರವರೆಗೆ ವರ್ಷಕ್ಕೆ ಶೇ 0.25, ಆಮೇಲೆ ವರ್ಷಕ್ಕೆ ಶೇ 0.5. ಆ ಲೆಕ್ಕದಲ್ಲಿ ಕೋಲ್ನ್‌ಗೆ ಸುಮಾರು ಶೇ 1.5 ಬರಬೇಕು. ಬೂಟಿನ ದಾರ ಕಟ್ಟಲು ಕಲಿಸಿದವರಿಗೆ ಅಷ್ಟು. ನನಗೆ ಇದು ಕಡಿಮೆ ಅನಿಸುತ್ತದೆ. ಆದರೂ ಇಂಥ ನಿಯಮ ಬರೆಯಬೇಕು ಅಂತ ಯಾರಿಗೋ ಹೊಳೆಯಿತಲ್ಲ, ಅದಕ್ಕೆ ನಾನು ಕೈ ಮುಗಿಯುತ್ತೇನೆ.

ಇಷ್ಟು ಬರೆದು ನಿಲ್ಲಿಸುವವನಿದ್ದೆ, ಗೆಳೆಯಾ. ಆದರೆ ನವೆಂಬರ್ 18ರಂದು ಸ್ಕಾಟ್ಲೆಂಡ್ ಡೆನ್ಮಾರ್ಕ್ ಅನ್ನು 4-2ರಿಂದ ಸೋಲಿಸಿ 1998ರ ನಂತರ ಮೊದಲ ಸಲ ವಿಶ್ವಕಪ್‌ಗೆ ಹೋಯಿತು. ಪಂದ್ಯ ಮುಗಿದ ಮೇಲೆ ಸ್ಕಾಟ್ಲೆಂಡಿನ ನಾಯಕ, ಲಿವರ್‌ಪೂಲಿನ ಲೆಫ್ಟ್ ಬ್ಯಾಕ್ ಆಂಡಿ ರಾಬರ್ಟ್‌ಸನ್ ಮೈಕಿನ ಮುಂದೆ ನಿಂತ. ನೀನೂ ನೋಡಿರುತ್ತೀಯ. ಇಡೀ ದಿನ ಲಿವರ್‌ಪೂಲಿನಲ್ಲಿ ಜೊತೆಗೆ ಆಡಿದ ಡಿಯೊಗೊ ಜೋಟಾ ತಲೆಯಿಂದ ಹೋಗಲಿಲ್ಲ ಅಂದ. 2022ರ ವಿಶ್ವಕಪ್ ಜೋಟಾಗೆ ಗಾಯದಿಂದ ತಪ್ಪಿತು, ರಾಬರ್ಟ್‌ಸನ್‌ಗೆ ಸ್ಕಾಟ್ಲೆಂಡ್ ಅರ್ಹತೆ ಪಡೆಯದೆ ತಪ್ಪಿತು. ಮುಂದಿನದಕ್ಕೆ ಹೋಗುವ ಮಾತು ಇಬ್ಬರೂ ಆಡಿಕೊಳ್ಳುತ್ತಿದ್ದರಂತೆ. ಹೇಳುತ್ತಾ ಹೇಳುತ್ತಾ ರಾಬರ್ಟ್‌ಸನ್‌ನ ದನಿ ಕಟ್ಟಿತು.

ನಾನು ಟಿವಿ ಬಂದ್ ಮಾಡಿ ಹೊರಗೆ ಬಂದು ಕೂತೆ.

ರಾಬರ್ಟ್‌ಸನ್ ಅಂದರೆ 2017ರಲ್ಲಿ ಹಲ್ ಸಿಟಿಯಿಂದ ಬಂದವನು, ಕೇವಲ 80 ಲಕ್ಷ ಪೌಂಡ್. ಅದಕ್ಕೆ ಮೊದಲು ಸಣ್ಣ ಆಳು ಅಂತ ಸೆಲ್ಟಿಕ್ ಅವನನ್ನು ಹುಡುಗನಿದ್ದಾಗಲೇ ಕೈಬಿಟ್ಟಿತ್ತು. ಜೋಟಾ 2020ರಲ್ಲಿ ವುಲ್ವ್ಸ್‌ನಿಂದ ಬಂದದ್ದು 4.1 ಕೋಟಿಗೆ. ಈ ಜೂನ್‌ನಲ್ಲಿ ದಕ್ಕೆಯಲ್ಲಿ ಜೋಟಾನ ಹೆಸರು ಬಂದಾಗಲೆಲ್ಲ ಬೆನ್ನಿಗೇ ಒಂದು ಮಾತು ಬರುತ್ತಿತ್ತು: ಈಗ ಮಾರಿದರೆ ಎಷ್ಟು ಬಂದೀತು? ಜುಲೈ 3ರ ಬೆಳಗ್ಗೆ ಸ್ಪೇನಿನಿಂದ ರಸ್ತೆ ಅಪಘಾತದ ಸುದ್ದಿ ಬಂತು, ಅವನೂ ಇಲ್ಲ, ತಮ್ಮನೂ ಇಲ್ಲ. 28 ವರ್ಷ. ಮದುವೆಯಾಗಿ ಎರಡು ವಾರವೂ ಆಗಿರಲಿಲ್ಲ. ಕ್ಲಬ್ 20ನೇ ನಂಬರನ್ನು ಇನ್ನು ಯಾರಿಗೂ ಕೊಡುವುದಿಲ್ಲ ಅಂದಿತು. ಪಂದ್ಯದ 20ನೇ ನಿಮಿಷಕ್ಕೆ ಆನ್‌ಫೀಲ್ಡ್ ಅವನ ಹಾಡು ಹಾಡುತ್ತದೆ. ಸೋಲುತ್ತಿರುವ ಈ ತಂಡವನ್ನು ಬೈಯುವವರು ಆ ಒಂದು ನಿಮಿಷ ಆಟಗಾರರ ಮುಖ ನೋಡಲಿ. ಪಕ್ಕದಲ್ಲಿ ಬಟ್ಟೆ ಬದಲಿಸುತ್ತಿದ್ದವನು ಇಲ್ಲ ಅನ್ನುವುದು ಅವರ ಕಾಲಲ್ಲಿ ಇರುವುದಿಲ್ಲವೇ? ನಮ್ಮ ಐಸಿನ ಪೆಟ್ಟಿಗೆಯ ಮುಚ್ಚಳದಲ್ಲಿ ಇದನ್ನು ಬರೆಯಲು ಕಾಲಮ್ಮೇ ಇರಲಿಲ್ಲ ಮಾರಾಯ.

ಆವತ್ತು ಹೊರಗೆ ಕೂತಾಗ ನನಗೆ ಇನ್ನೊಂದು ವಿಷಯ ತಿಳಿಯಿತು. ಅದು ಲಿವರ್‌ಪೂಲಿನ ರೈಟ್ ಬ್ಯಾಕ್ ಆಗಿದ್ದ ಟ್ರೆಂಟ್ ಅಲೆಕ್ಸಾಂಡರ್-ಆರ್ನಾಲ್ಡ್ ವಿಷಯ.

ಆರು ವರ್ಷದವನಿದ್ದಾಗ ಅಕಾಡೆಮಿಗೆ ಬಂದವನು, ಲಿವರ್‌ಪೂಲಿನವನೇ. ಒಪ್ಪಂದ ಮುಗಿಯಿತು, ರಿಯಲ್ ಮ್ಯಾಡ್ರಿಡ್‌ಗೆ ಹೋದ. ಒಂದು ತಿಂಗಳು ಮೊದಲೇ ಬಿಡಲು ಅವರು ಕೊಟ್ಟ ಚಿಲ್ಲರೆ ಬಿಟ್ಟರೆ ನಮಗೆ ಏನೂ ಸಿಗಲಿಲ್ಲ. ಮೇ ತಿಂಗಳಲ್ಲಿ ಆನ್‌ಫೀಲ್ಡ್ ಅವನಿಗೆ ಸಿಟ್ಟಿನಿಂದ ಕೂಗು ಹಾಕಿತು. ಈ ನವೆಂಬರ್‌ನಲ್ಲಿ ಎದುರಾಳಿಯಾಗಿ ಬಂದಾಗ ಮತ್ತೆ ಹಾಕಿತು. ಇಲ್ಲಿ ದಕ್ಕೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದ್ದು ನಾನು. ಬೆಳೆಸಿದ ಊರಿಗೆ ಏನೂ ಕೊಡದೆ ಹೋದ, ನಗುನಗುತ್ತಾ ಹೋದ, ಅಲ್ಲಿಯ ಭಾಷೆಯನ್ನೂ ಕಲಿತೇ ಹೋದ ಅಂದೆ. ಹಸಿರು ಕೊಡೆಯವನೇ ಸುಮ್ಮನಿರು ಮಾರಾಯ ಅನ್ನುವಷ್ಟು ಅಂದೆ.

ಆ ಮಾತೆಲ್ಲ ಟ್ರೆಂಟ್‌ಗೆ ಆಡಿದ್ದಲ್ಲ. ನಿನಗೆ ಆಡಿದ್ದು.

ನೀನು ಪಂಚಗಂಗಾ ರೈಲು ಹತ್ತಿದ ದಿನ ನಿನ್ನ ಬ್ಯಾಗ್ ಹೊತ್ತವನು ನಾನು. ನಗಾಡುತ್ತಾ ಕಳಿಸಿಕೊಟ್ಟೆ. ಬೆಂಗಳೂರು ಏನು ದೂರ, ಒಂದು ರಾತ್ರಿ ಮಲಗಿ ಎದ್ದರೆ ಬಂತು ಅಂದೆ. ಅದಾದ ಮೇಲೆ ನಮ್ಮ ತಂಡದಲ್ಲಿ ಎಡಗಡೆಗೆ ಯಾರ್ಯಾರನ್ನೋ ನಿಲ್ಲಿಸಿದೆವು. ನಾನು ಬಲಗಡೆಯಿಂದ ಚೆಂಡು ಅತ್ತ ಒದೆಯುವುದನ್ನೇ ಬಿಟ್ಟಿದ್ದೇನೆ. ಅಕ್ಟೋಬರ್ 22ರಂದು ನೀನಿಲ್ಲದೆ ಗೋವಾದ ಫಾತೋರ್ಡಾ ಸ್ಟೇಡಿಯಂಗೆ ಹೋಗಿದ್ದೆವಲ್ಲ, ಎಫ್‌ಸಿ ಗೋವಾಕ್ಕೂ ರೊನಾಲ್ಡೊನ ಅಲ್ ನಸ್ರ್‌ಗೂ ಪಂದ್ಯ. ರೊನಾಲ್ಡೊ ಬರುತ್ತಾನೆ ಅಂತ ಕಾರವಾರದಿಂದ ಎಷ್ಟು ಜನ ಆಸೆ ಇಟ್ಟುಕೊಂಡಿದ್ದರು, ಅವನು ಬರಲೇ ಇಲ್ಲ. ಗೋವಾದ ಹುಡುಗ ಬ್ರೈಸನ್ ಫರ್ನಾಂಡಿಸ್ ಗೋಲು ಹೊಡೆದ. 1-2ಕ್ಕೆ ಸೋತರೂ ಆ ಗೋಲು ನಮ್ಮ ಕಣ್ಣೆದುರಿನದು. ಕುಣಿದು, ಅಭ್ಯಾಸಬಲದಿಂದ ಎಡಗಡೆ ತಿರುಗಿ ತಬ್ಬಿಕೊಂಡೆ. ಅಲ್ಲಿ ಮಡಗಾಂವಿನ ಯಾರೋ ಅಪರಿಚಿತ ಅಂಕಲ್. ಪಾಪ, ಅವರೂ ಬಿಗಿಯಾಗಿಯೇ ತಬ್ಬಿಕೊಂಡರು.

ಇನ್ನೂ ಒಂದು ಇದೆ, ಹೇಳಿಬಿಡುತ್ತೇನೆ. ನಿನ್ನ ಕಂಪನಿಯಲ್ಲಿ ಜನರನ್ನು ತೆಗೆಯುತ್ತಿದ್ದಾರೆ ಅಂತ ಮಳೆಗಾಲದಲ್ಲಿ ಫೋನ್ ಮಾಡಿದ್ದೆ ನೀನು. ದೇವರು ದೊಡ್ಡವನು, ಏನೂ ಆಗುವುದಿಲ್ಲ ಅಂತ ನಾನು ಅಂದೆ. ಅನ್ನುವಾಗಲೇ ಒಳಗೆ ಒಂದು ಆಸೆ ಎದ್ದಿತ್ತು: ಹೋಗಲಿ ಆ ಕೆಲಸ, ಇವನು ಊರಿಗೆ ಬರಲಿ. ಗೆಳೆಯನ ಅನ್ನ ಹೋಗಲಿ ಅಂತ ಬಯಸುವಷ್ಟು ಗೆಳೆತನ. ಇದಕ್ಕೆ ಏನು ಹೆಸರಿಡಬೇಕೋ ನನಗೆ ತಿಳಿಯುತ್ತಿಲ್ಲ. ಟ್ರೆಂಟ್‌ಗೆ ಕೂಗು ಹಾಕಿದ ಆನ್‌ಫೀಲ್ಡಿನ ಆ ಜನರ ಮನಸ್ಸು ಮಾತ್ರ ನನಗೆ ಈಗ ಪೂರಾ ಅರ್ಥವಾಗುತ್ತದೆ. ಅವರು ಕೇಳುತ್ತಿದ್ದದ್ದು ದುಡ್ಡಲ್ಲ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಇಸಾಕ್ ಬಗ್ಗೆ ನಾಲ್ಕು ಸಾಲು ಬರೆದು ಅಂಗಡಿ ತೆಗೆಯಬೇಕಿತ್ತು. ಈಗ ನೋಡಿದರೆ ಔಟ್‌ಬೋರ್ಡ್ ಎಂಜಿನ್ನಿನ ಪ್ಲಗ್ ಕೇಳಿಕೊಂಡು ಇಬ್ಬರು ಬಾಗಿಲಲ್ಲಿ ನಿಂತಿದ್ದಾರೆ. ಇರಲಿ, ಬೇರೆ ಒಂದು ಸಂತೋಷದ ಲೆಕ್ಕ ಇದೆ, ಕೇಳು.

ಫಿಫಾ ನಿಯಮ ಹೇಳಿದೆನಲ್ಲ. ಮಾಲಾದೇವಿ ಮೈದಾನಕ್ಕೆ ನೀನು ಬಂದಾಗ ನಿನಗೆ 12. ಊರು ಬಿಟ್ಟಾಗ 22. ಅಂದರೆ 12ರಿಂದ 15ರವರೆಗೆ ಒಟ್ಟು ಶೇ 1, 16ರಿಂದ 21ರವರೆಗೆ ಶೇ 3. ನಿನ್ನ ಶೇ 4 ಕಾರವಾರಕ್ಕೆ ಬಾಕಿ. ಸಂಬಳದಲ್ಲಿ ಬೇಡ, ದಿನದಲ್ಲಿ ಕೊಡು. ವರ್ಷದ 365 ದಿನಕ್ಕೆ ಶೇ 4 ಅಂದರೆ 14 ದಿನ, ಮೇಲೆ ಅರ್ಧ ದಿನಕ್ಕಿಂತ ಸ್ವಲ್ಪ ಜಾಸ್ತಿ. ದೀಪಾವಳಿಗೆ ಎರಡೇ ದಿನ ಬಂದು ಹೋದೆ, ಅದನ್ನು ಕಳೆದಿದ್ದೇವೆ. ಉಳಿದದ್ದನ್ನು ಕಂತಿನಲ್ಲಿ ಕೊಡಬಹುದು, ಮೊದಲ ಕಂತು ಡಿಸೆಂಬರ್‌ನಲ್ಲೇ ಬರಬೇಕು. ಬರುವಾಗ ಬೂಟು ತಾ. ಬಂಗಡೆ ಈಗ ಚೆನ್ನಾಗಿ ಬರುತ್ತಿದೆ, ಅಮ್ಮ ನಿನ್ನ ಪಾಲಿನದು ಕೇಳುತ್ತಿದ್ದಾಳೆ.

ಗೋಲ್‌ಕೀಪರ್‌ನ ಹತ್ತಿರ ಮಾತಾಡಿದ್ದೇನೆ. ಬಾಕಿಗೆ ಬಡ್ಡಿ ಹಾಕುವುದಿಲ್ಲ ಅಂದಿದ್ದಾನೆ.

ನಿನ್ನ,
ರೈಟ್ ಬ್ಯಾಕ್