ಚಿಕ್ಕಜ್ಜ ಬೆನ್ನು ಹಾಕಿ ಕೂರುತ್ತಿದ್ದ ಫೋಟೊ

ಶಿವಮೊಗ್ಗ ಜಿಲ್ಲೆಯ ಏಳೂ ಕ್ಷೇತ್ರಗಳ ಶಾಸಕರಿಗೆ,

ನಮಸ್ಕಾರ.

ಜೂನ್ 25 ಬಂತೆಂದರೆ ಒಂದು ಪಕ್ಷದವರು ಮೈಕ್ ಹಿಡಿದು ತುರ್ತು ಪರಿಸ್ಥಿತಿ ನೆನಪಿಸುತ್ತೀರಿ. ಅಕ್ಟೋಬರ್ 31ಕ್ಕೆ ಇನ್ನೊಂದು ಪಕ್ಷದವರು ಇಂದಿರಾ ಗಾಂಧಿ ಫೋಟೊಗೆ ಹಾರ ಹಾಕುತ್ತೀರಿ. ಒಬ್ಬರ ಸಭೆಗೆ ಇನ್ನೊಬ್ಬರು ಕಾಲಿಡುವುದಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಈ ಎರಡೂ ಸಭೆ ಒಂದೇ ಜಗಲಿಯಲ್ಲಿ ನಡೆದಿವೆ.

ನಮ್ಮದು ಸಾಗರದ ಕಡೆಯ ಹಳ್ಳಿ. ಅಜ್ಜ ಗೇಣಿದಾರ. 1951ರಲ್ಲಿ ಕಾಗೋಡಿನಲ್ಲಿ ಜಗಳ ಎದ್ದಿದ್ದೇ ಗೇಣಿ ಭತ್ತ ಅಳೆಯುವ ಕೊಳಗದ ಮೇಲೆ. ಒಡೆಯರ ಕೊಳಗ ದೊಡ್ಡದು. ಅದರಲ್ಲಿ ಅಳೆದು ಹಾಕಿದ ಮೇಲೆ ಕಣದಲ್ಲಿ ಏನು ಉಳೀತದೆ ಹೇಳಿ? ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ಸಮಾಜವಾದಿ ನಾಯಕ ಲೋಹಿಯಾ ಬಂದು ಇಲ್ಲೇ ಬಂಧನಕ್ಕೊಳಗಾದರು. ಅದಾಗಿ 23 ವರ್ಷಕ್ಕೆ, 1974ರಲ್ಲಿ, ಇಂದಿರಾ ಪಕ್ಷದ ಮುಖ್ಯಮಂತ್ರಿ ದೇವರಾಜ ಅರಸು ಸರ್ಕಾರದ, ಉಳುವ ಗೇಣಿದಾರನಿಗೇ ಭೂಮಿ ಕೊಡುವ ಭೂಸುಧಾರಣೆ ಕಾನೂನು ಜಾರಿಗೆ ಬಂತು. ಇದಕ್ಕಾಗಿ ಬಡಿದಾಡಿದ ಸಮಾಜವಾದಿ ಶಾಂತವೇರಿ ಗೋಪಾಲಗೌಡರು 1972ರಲ್ಲೇ ತೀರಿಕೊಂಡಿದ್ದರು.

ಅಜ್ಜ ಏಳನೇ ನಂಬರ್ ಫಾರಂ ತುಂಬಿಸಿ, ಉಳುವ ಗದ್ದೆ ತನಗೇ ಆಗಬೇಕು ಅಂತ ಡಿಕ್ಲರೇಶನ್ ಹಾಕಿದರು. ಭೂ ನ್ಯಾಯಮಂಡಳಿಯಲ್ಲಿ ವಕೀಲರಿಗೆ ಜಾಗ ಇರಲಿಲ್ಲ. ಒಡೆಯರ ಎದುರು ನಿಂತು ತಾನೇ ಮಾತಾಡಬೇಕು. ಹುಟ್ಟಿದಾರಭ್ಯ ಅವರೆದುರು ತಲೆ ಎತ್ತದ ಅಜ್ಜ "ಉಳೋದು ನಾನು, ಉಳೋದು ನಾನು" ಅಂತ ಎರಡು ಸಲ ಹೇಳಿ ಕೂತುಬಿಟ್ಟರಂತೆ. ಎರಡು ಎಕರೆ ಗದ್ದೆ ಆಯಿತು. ಮರುವಾರ ಸಾಗರದ ಸಂತೆಯಿಂದ ಇಂದಿರಾ ಫೋಟೊ ತಂದು ಗೋಡೆಗೆ ಹಾಕಿದರು. ಅರಸು ಫೋಟೊ ಅಂಗಡಿಯಲ್ಲಿ ಸಿಗಲಿಲ್ಲವಂತೆ!

ಚಿಕ್ಕಜ್ಜ ಸಮಾಜವಾದಿ. ಅಲಹಾಬಾದ್ ಹೈಕೋರ್ಟು ಇಂದಿರಾ ಅವರ ಆಯ್ಕೆಯನ್ನೇ ರದ್ದು ಮಾಡಿದ್ದು 1975ರ ಜೂನ್ 12ಕ್ಕೆ. ಹದಿಮೂರೇ ದಿನಕ್ಕೆ ತುರ್ತು ಪರಿಸ್ಥಿತಿ. ಆಗ ನಮ್ಮ ಜಿಲ್ಲೆಯವರೇ ಆಗಿದ್ದ ಸಮಾಜವಾದಿ ಜೆ. ಎಚ್. ಪಟೇಲರೂ ಜೈಲು ಸೇರಿದರು, ಚಿಕ್ಕಜ್ಜನೂ ಸೇರಿದರು. ಕುರ್ಚಿ ಉಳಿಸಿಕೊಳ್ಳಲು ಇಡೀ ದೇಶದ ಬಾಯಿಗೆ ಬೀಗ ಹಾಕಿದ್ದಕ್ಕೆ ನನ್ನ ಹತ್ತಿರ ಯಾವ ಸಮಜಾಯಿಷಿಯೂ ಇಲ್ಲ. ಬಲವಂತದ ಸಂತಾನಹರಣಕ್ಕಂತೂ ಕೇಳುವುದೇ ಬೇಡ.

ಹೊರಗೆ ಬಂದ ಚಿಕ್ಕಜ್ಜ ಕೊನೆವರೆಗೂ ಆ ಫೋಟೊಗೆ ಬೆನ್ನು ಹಾಕಿಯೇ ಕೂರುತ್ತಿದ್ದರು. 1978ರಲ್ಲಿ ಪಕ್ಕದ ಚಿಕ್ಕಮಗಳೂರಿನವರು ಇಂದಿರಾ ಅವರನ್ನು 70 ಸಾವಿರಕ್ಕೂ ಜಾಸ್ತಿ ಮತಗಳಿಂದ ಗೆಲ್ಲಿಸಿದಾಗ ಜಗಲಿಯಲ್ಲಿ ದೊಡ್ಡ ಜಗಳ.

"ಗದ್ದೆ ಕೊಟ್ಟರು ಅಂತ ನಾಲಿಗೆ ಬಿಟ್ಟುಕೊಡ್ಬೇಕಾ ಅಣ್ಣಾ?"

"ನೀ ಜೈಲಲ್ಲಿದ್ದಾಗ ನಿನ್ನ ಮಕ್ಕಳು ಉಂಡಿದ್ದು ಯಾವ ಗದ್ದೆ ಅಕ್ಕಿ?"

ಇಬ್ಬರೂ ಸುಳ್ಳು ಹೇಳಿದ್ದಲ್ಲ. ಅಜ್ಜಿ ಇಬ್ಬರಿಗೂ ಬಡಿಸಿದರು, ಅಷ್ಟೇ.

ಈಗ ನಿಮ್ಮ ಭಾಷಣಗಳಲ್ಲಿ ಬರದೇ ಇರುವ ವಿಷಯ. ನನ್ನ ಸೋದರತ್ತೆ ಕೊಟ್ಟ ಮನೆಯವರು ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತಾಗ ಊರು ಬಿಟ್ಟು ಕಾಡಂಚಿಗೆ ಬಂದವರು. ಅವರನ್ನು ಕೂರಿಸಿದ ಜಾಗ ದಾಖಲೆಯಲ್ಲಿ ಅರಣ್ಯ ಅಂತಲೇ ಉಳಿಯಿತು. 1980ರಲ್ಲಿ ಇಂದಿರಾ ಸರ್ಕಾರವೇ ಅರಣ್ಯ ಸಂರಕ್ಷಣಾ ಕಾಯ್ದೆ ತಂತು. ಅಲ್ಲಿಂದೀಚೆ ಕೇಂದ್ರದ ಒಪ್ಪಿಗೆಯಿಲ್ಲದೆ ಅರಣ್ಯದ ಜಾಗವನ್ನು ಬೇರೆ ಕೆಲಸಕ್ಕೆ ಬಿಡುವ ಹಾಗಿಲ್ಲ. ಮಲೆನಾಡಿನ ಕಾಡು ಇಷ್ಟಾದರೂ ಉಳಿದಿದ್ದು ಆ ಕಾಯ್ದೆಯಿಂದಲೂ ಹೌದು, ಅದನ್ನು ನಾನು ಬೈಯಲಾರೆ. ಆದರೆ ಅಜ್ಜನಿಗೆ ಹಕ್ಕು ಸಿಕ್ಕಿದ್ದು ಯಾರ ಹೆಸರಲ್ಲೋ, ಅವರ ಕಾಲದ ಕಾಯ್ದೆಯಲ್ಲೇ ಅಜ್ಜನ ಮಗಳ ಹಕ್ಕುಪತ್ರ ಸಿಕ್ಕಿಹಾಕಿಕೊಂಡಿದೆ. ಅತ್ತೆ ಅರ್ಜಿಗಳನ್ನೆಲ್ಲ ಹಾಲಿನ ಪುಡಿಯ ಡಬ್ಬದಲ್ಲಿ ಸುತ್ತಿಟ್ಟಿದ್ದಾರೆ. ಒಂದು ಕಚೇರಿಗೆ ಹೋದರೆ ಇನ್ನೊಂದಕ್ಕೆ ಹೋಗಿ ಅಂತಾರೆ.

ಹಾರ ಹಾಕುವವರು ಹಾಕಿ, ಬೈಯುವವರು ಬೈಯಿರಿ. ಆದರೆ ಶಾಲೆ ಮಕ್ಕಳನ್ನು ಕೂರಿಸಿಕೊಂಡು ಭಾಷಣ ಮಾಡುವಾಗ ಗದ್ದೆಯ ಕಥೆಯನ್ನೂ ಜೈಲಿನ ಕಥೆಯನ್ನೂ ಒಟ್ಟಿಗೇ ಹೇಳಿ. ಮತ್ತೆ ಏಳೂ ಜನ ಪಕ್ಷ ಬಿಟ್ಟು ಒಂದು ಸಲ ದೆಹಲಿಗೆ ಹೋಗಿ, ಮುಳುಗಡೆಯವರ ಜಾಗಕ್ಕೆ ಕೇಂದ್ರದ ಒಪ್ಪಿಗೆ ಬರೆಸಿಕೊಂಡು ಬನ್ನಿ. ಹೋಗುವ ಮುಂಚೆ ನಮ್ಮನೆ ಕಡೆ ಬಂದರೆ ಅತ್ತೆಯ ಡಬ್ಬ ಕೊಟ್ಟು ಕಳಿಸುತ್ತೇನೆ. ಫೋಟೊ ಇನ್ನೂ ಅದೇ ಗೋಡೆ ಮೇಲಿದೆ. ಯಾವ ಕಡೆ ಮುಖ ಮಾಡಿ ಕೂತರೂ ಬೇಜಾರಿಲ್ಲ.

ಇಂತಿ,
ಸಾಗರ ತಾಲ್ಲೂಕಿನ ಒಬ್ಬ ಮತದಾರ