ಬ್ಯಾಂಕಾಕಿನಲ್ಲಿ ಸಿಕ್ಕಿದ ತಾರಿ ದೋಣಿ

ಕುಮಟಾ
ಭಾನುವಾರ ರಾತ್ರಿ

ಗೆಳೆಯಾ,

ನಾನು ಕಳಿಸಿದ ಫೋಟೋ ನೋಡಿ, "ಅಲ್ಲ ಮಾರಾಯ, ಬ್ಯಾಂಕಾಕಿಗೆ ಹೋಗಿ ಬರೀ ದೋಣಿ ಫೋಟೋ ತೆಗೆದು ತಂದಿದ್ದೀಯಲ್ಲ, ನಮ್ಮ ಅಘನಾಶಿನಿ ಹೊಳೆಯಲ್ಲಿ ದೋಣಿ ಮುಗಿದು ಹೋದವಾ?" ಅಂತ ನೀನು ಕೇಳಿದ್ದೆ. ತಮಾಷೆಗೆ ಕೇಳಿದ್ದು, ಗೊತ್ತು. ಆದರೆ ಆ ಮಾತು ಎರಡು ದಿನ ತಲೆಯಲ್ಲೇ ಕೂತಿತು. ಇವತ್ತು ಮಳೆ ಹಿಡಿದಿದೆ, ಗಿರಾಕಿ ಇಲ್ಲ ಅಂತ ಅಂಗಡಿ ಬೇಗ ಮುಚ್ಚಿದೆ. ಕೂತು ಬರೆಯುತ್ತೇನೆ, ಓದು.

ಹೋಗಿದ್ದು ಮಗಳ ಹಟಕ್ಕೆ. ಸಂಬಳ ಕೂಡಿಟ್ಟು ನಮ್ಮಿಬ್ಬರಿಗೂ ಟಿಕೆಟ್ ಮಾಡಿಸಿದ್ದಳು. ಕುಮಟಾದಿಂದ ಬೆಂಗಳೂರಿಗೆ ಒಂದಿಡೀ ರಾತ್ರಿ ಬಸ್ಸಿನಲ್ಲಿ ಸೊಂಟ ನೋಯಿಸಿಕೊಂಡು ಹೋದರೆ, ಅಲ್ಲಿಂದ ಬ್ಯಾಂಕಾಕಿಗೆ ನಾಲ್ಕೇ ಗಂಟೆ. "ಹಾಗಾದರೆ ನಮಗೆ ಬೆಂಗಳೂರೇ ದೂರ" ಅಂದಳು ನಿನ್ನ ಅತ್ತಿಗೆ. ಗಡಿಯಾರ ಒಂದೂವರೆ ಗಂಟೆ ಮುಂದೆ ತಿರುಗಿಸಿಕೊಂಡು ಇಳಿದೆವು.

ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ. ಬರೆಯೋದು ಹಾಗೆ, ಬಾಯಲ್ಲಿ ಹೇಳೋದು 'ಸುವನ್ನಪೂಮ್'. ಒಳಗೆ ದೊಡ್ಡ ಸಮುದ್ರ ಮಥನದ ಶಿಲ್ಪ ಇದೆ. ಒಂದು ಕಡೆ ದೇವತೆಗಳು, ಇನ್ನೊಂದು ಕಡೆ ಅಸುರರು ವಾಸುಕಿಯನ್ನು ಹಿಡಿದು ಎಳೆಯುತ್ತಿದ್ದಾರೆ. ಮತ್ತೊಂದು ಕಡೆ ಸಾಲಾಗಿ ರಾಕ್ಷಸ ಮೂರ್ತಿಗಳು, ಗದೆ ನೆಲಕ್ಕೂರಿ ನಿಂತಿವೆ. ಕೋರೆಹಲ್ಲು, ಗುಡ್ಡೆಗಣ್ಣು, ತಲೆ ಮೇಲೆ ಗೋಪುರದಂಥ ಕಿರೀಟ. ಇವಕ್ಕೆ ಅವರ ಭಾಷೆಯಲ್ಲಿ 'ಯಕ್' ಅನ್ನುತ್ತಾರಂತೆ. ನಮ್ಮ ಯಕ್ಷನೇ, ಬಾಲ ಕತ್ತರಿಸಿಕೊಂಡಿದ್ದಾನೆ ಅಷ್ಟೆ. ಯಕ್ಷಗಾನದ ಚೌಕಿಯಿಂದ ಬಣ್ಣದ ವೇಷ ಎದ್ದು ಬಂದು ಪಾಸ್‌ಪೋರ್ಟ್ ಕೇಳಲು ನಿಂತ ಹಾಗೆ ಕಂಡಿತು ನನಗೆ. ಮಗಳು ಕೈ ಹಿಡಿದು ಎಳೆಯದಿದ್ದರೆ ಅಲ್ಲೇ ಅರ್ಧ ದಿನ ಕಳೆಯುತ್ತಿದ್ದೆ.

ಅಷ್ಟು ಖುಷಿಯಲ್ಲಿ ಇಳಿದವನಿಗೆ ಮೊದಲ ದಿನ ಊರು ಹಿಡಿಸಲೇ ಇಲ್ಲ. ನಾವು ಉಳಿದದ್ದು ಸುಖುಮ್‌ವಿತ್ ಅನ್ನುವ ದೊಡ್ಡ ರಸ್ತೆಯ ಪಕ್ಕದ ಒಂದು ಗಲ್ಲಿಯಲ್ಲಿ. ಗಲ್ಲಿಗೆ ಅವರು 'ಸೊಯ್' ಅನ್ನುತ್ತಾರೆ. ರಸ್ತೆಯ ನೆತ್ತಿ ಮೇಲೆ ಕಾಂಕ್ರೀಟಿನ ಕಂಬಗಳು, ಅದರ ಮೇಲೆ ರೈಲು. 1999ರಿಂದ ಓಡುತ್ತಿದೆಯಂತೆ. ಕೆಳಗೆ ನಿಂತರೆ ಆಕಾಶ ಕಾಣುವುದಿಲ್ಲ. ಸೆಕೆಯೋ, ನಮ್ಮ ಮೇ ತಿಂಗಳಿಗೇನೂ ಕಮ್ಮಿ ಇಲ್ಲ. ಆದರೆ ನಮ್ಮಲ್ಲಿ ಸಂಜೆಗೊಂದು ಕಡಲ ಗಾಳಿ ಬರುತ್ತದಲ್ಲ, ಅದೂ ಇಲ್ಲ. ಫುಟ್‌ಪಾತಿನ ಮೇಲೆ ಒಬ್ಬಳು ಒರಳಿನಲ್ಲಿ ಹಸಿ ಪಪ್ಪಾಯಿ ಕುಟ್ಟುತ್ತಾಳೆ, ಪಕ್ಕದಲ್ಲೊಬ್ಬ ಹಂದಿ ಮಾಂಸ ಸುಡುತ್ತಾನೆ, ಅವನ ಹಿಂದೆ ಕಿತ್ತಳೆ ಬಣ್ಣದ ಕೋಟು ಹಾಕಿದ ಬೈಕ್ ಟ್ಯಾಕ್ಸಿಯವರು. ಜನವೋ ಜನ. ಶಿರಸಿ ಮಾರಿಕಾಂಬಾ ಜಾತ್ರೆಯ ಕೊನೆಯ ದಿನಗಳ ಜನ. ನಮ್ಮದು ಎರಡು ವರ್ಷಕ್ಕೊಮ್ಮೆ, ಇವರದು ದಿನಾ.

ಒಂದು ಮಾತು ಮಾತ್ರ ಹೇಳಬೇಕು. ಅಷ್ಟು ವಾಹನ, ಹಾರ್ನ್ ಇಲ್ಲ. ಸಿಗ್ನಲ್ಲಿನಲ್ಲಿ ಹತ್ತು ನಿಮಿಷ ನಿಂತರೂ ಒಬ್ಬ ಒತ್ತುವುದಿಲ್ಲ. ಮೊದಲ ದಿನ ನನಗೆ ಕಿವಿಯೇ ಕಟ್ಟಿದೆಯೋ ಅನ್ನಿಸಿತ್ತು.

ಎರಡನೇ ದಿನ ಟೋಪಿ ಹಾಕಿಸಿಕೊಂಡೆ. ನಗಬೇಡ. ಅರಮನೆ ನೋಡಲು ಹೊರಟಿದ್ದೆವು. ಗೇಟಿನ ಹತ್ತಿರ ಸಭ್ಯನಂತೆ ಕಾಣುವ ಒಬ್ಬ ಬಂದು, "ಇವತ್ತು ಪೂಜೆ ಇದೆ, ಅರಮನೆ ಮಧ್ಯಾಹ್ನದವರೆಗೆ ಬಂದ್" ಅಂದ. ಅಷ್ಟರಲ್ಲಿ ಒಂದು ಟುಕ್‌ಟುಕ್ ತಾನಾಗಿಯೇ ಬಂತು. ಬಾಡಿಗೆ ತೀರಾ ಕಮ್ಮಿ. ಹತ್ತಿದೆವು. ಒಂದು ಚಿಕ್ಕ ದೇವಸ್ಥಾನ ತೋರಿಸಿದ, ಆಮೇಲೆ ಸೀದಾ ಒಂದು ಟೈಲರ್ ಅಂಗಡಿಗೆ. ಕೋಟು ಹೊಲಿಸಿಕೊಳ್ಳಬೇಕಂತೆ, ಆ ಸೆಕೆಯಲ್ಲಿ! ಗೋಕರ್ಣದ ಪಕ್ಕದೂರಿನವನು ನಾನು. ಯಾತ್ರಿಕರನ್ನು ಹೇಗೆ ಬೋಳಿಸುತ್ತಾರೆ ಅಂತ ಸಣ್ಣವನಿದ್ದಾಗಿನಿಂದ ನೋಡಿದವನು. ಆದರೂ ಬಿದ್ದೆ. ಮಗಳು ಸಿಟ್ಟಿನಿಂದ ಕೆಳಗಿಳಿದು ನಡೆಯಲು ಶುರು ಮಾಡಿದಳು. ನಾವು ಹಿಂದೆ. ಎತ್ತ ಅಂತ ಯಾರಿಗೂ ಗೊತ್ತಿಲ್ಲ.

ಚೀನೀಯರ ಪೇಟೆ ಅದು. ಒಣಸೀಗಡಿ, ಅಣಬೆ, ಔಷಧದ ಬೇರು, ಚೀಲ ಹೊತ್ತ ಕೈಗಾಡಿಗಳು. ಹಾಗೇ ಹೋಗುತ್ತಾ ಇದ್ದಾಗ ಮೂಗಿಗೆ ಒಂದು ವಾಸನೆ ಬಂತು. ಡೀಸೆಲ್, ಕೆಸರು, ನೆನೆದ ಹಗ್ಗ, ಎಲ್ಲ ಸೇರಿದ ವಾಸನೆ. ತದಡಿ ದಕ್ಕೆಯ ವಾಸನೆ ಕಣೋ! "ಇಲ್ಲೆಲ್ಲೋ ಹೊಳೆ ಇದೆ" ಅಂದೆ. ಮಗಳು ಮೊಬೈಲ್ ನೋಡಿ ಹೌದು ಅಂದಳು. ಎರಡು ನಿಮಿಷಕ್ಕೆ ದಕ್ಕೆ ಬಂತು. ಅದರ ಹೆಸರು ರಾಚವೊಂಗ್. ಬಿಡಿಸಿ ಕೇಳಿದರೆ ರಾಜವಂಶ!

ಎದುರಿಗೆ ಚಾವೊ ಪ್ರಯಾ ನದಿ. ಕೆಂಪು ಮಿಶ್ರಿತ ಕಂದು ನೀರು, ಮೇಲೆ ತೇಲುವ ಅಂತರಗಂಗೆಯ ದ್ವೀಪಗಳು. ಹೊಳೆ ಅಂದೆನಾ, ಅದು ಹೊಳೆಯಲ್ಲ, ನೀರಿನ ಹೆದ್ದಾರಿ. ಗುಡಿಸಲಿನಷ್ಟು ಎತ್ತರದ ಬಾರ್ಜುಗಳು ಮೂರು ನಾಲ್ಕು ಒಂದರ ಬೆನ್ನಿಗೊಂದು, ಅವೆಲ್ಲವನ್ನೂ ಎಳೆಯುವ ಒಂದು ಗುಬ್ಬಿಯಂಥ ದೋಣಿ. ಅದರ ಮಗ್ಗುಲಲ್ಲಿ ಉದ್ದ ಬಾಲದ ಎಂಜಿನ್ ದೋಣಿ ಕಿರುಚಿಕೊಂಡು ಹೋಗುತ್ತದೆ. ಅಡ್ಡಡ್ಡ ದಾಟುವ ತಾರಿ ದೋಣಿಗಳು ಬೇರೆ. ಯಾವುದೂ ಯಾವುದಕ್ಕೂ ತಾಗುವುದಿಲ್ಲ.

ಕಿತ್ತಳೆ ಬಾವುಟದ ದೋಣಿ ಬಂತು. ಅದು ಅವರ ಲೋಕಲ್ ಬಸ್ಸು. ತಲೆಗೆ 16 ಬಾತ್, ಅಂದರೆ ನಲವತ್ತು ರೂಪಾಯಿ ಚಿಲ್ಲರೆ. ದೋಣಿ ದಕ್ಕೆಗೆ ಹತ್ತಿರ ಬರುವಾಗ ಹಿಂದುಗಡೆ ನಿಂತವನು ಸೀಟಿ ಊದುತ್ತಾನೆ. ಉದ್ದ ಒಂದು, ಗಿಡ್ಡ ಮೂರು, ಮತ್ತೆ ಉದ್ದ. ಮುಂದೆ ಕೂತ ಚಾಲಕನಿಗೆ ಹಿಂದಿನ ದಕ್ಕೆ ಕಾಣುವುದಿಲ್ಲವಲ್ಲ, ಸೀಟಿ ಕೇಳಿಯೇ ಹಿಂದೆ ಮುಂದೆ ಮಾಡಿ ತಾಗಿಸುತ್ತಾನೆ. ನಮ್ಮ ಬಸ್ಸಿನ ಕಂಡಕ್ಟರು ರಿವರ್ಸ್ ತೆಗೆಸುವ ಹಾಗೆಯೇ. ಹಗ್ಗ ಕಟ್ಟಿ ನಿಲ್ಲಿಸುವ ಪುರುಸೊತ್ತಿಲ್ಲ. ಒಂದು ಸುತ್ತು ಹಾಕಿ ಹಿಡಿದುಕೊಂಡಿರುತ್ತಾನೆ, ಅಷ್ಟರಲ್ಲಿ ಇಪ್ಪತ್ತು ಜನ ಇಳಿದು ಮೂವತ್ತು ಜನ ಹತ್ತಬೇಕು. ನಿನ್ನ ಅತ್ತಿಗೆ ಸೀರೆ ಎತ್ತಿ ಕಟ್ಟಿ ಒಂದೇ ಹಾರಿಗೆ ಒಳಗಿದ್ದಳು. ಬೆಟ್ಕುಳಿ ಕಡೆಯ ಹೆಣ್ಣು, ದೋಣಿ ಹತ್ತುವುದು ಕಲಿಸಿಕೊಡಬೇಕಾ? ಪ್ಯಾಂಟು ಹಾಕಿದ ಮಗಳೇ ಹೆದರಿ ನಿಂತಿದ್ದಳು.

ಒಳಗೆ ಟಿಕೆಟ್ ಕೊಡುವ ಹೆಂಗಸಿನ ಕೈಯಲ್ಲಿ ಉದ್ದನೆಯ ತಗಡಿನ ಡಬ್ಬಿ. ಅದರಲ್ಲೇ ಚಿಲ್ಲರೆ, ಅದರಲ್ಲೇ ಟಿಕೆಟ್ ಸುರುಳಿ. ಚಿಲ್ಲರೆ ಕುಲುಕಿ ಸದ್ದು ಮಾಡುತ್ತಾ ಬಂದರೆ ದುಡ್ಡು ತೆಗೆಯಬೇಕು ಅಂತ ಅರ್ಥ. ಬಾಯಿ ಬಿಡುವುದಿಲ್ಲ. ಹಿಂದುಗಡೆ ಒಂದಷ್ಟು ಜಾಗ ಭಿಕ್ಷುಗಳಿಗೆ ಅಂತಲೇ ಬಿಟ್ಟಿದ್ದಾರೆ. ಕಾವಿ ಉಟ್ಟ ಇಬ್ಬರು ಹುಡುಗರು ಅಲ್ಲಿ ನಿಂತು ಮೊಬೈಲ್ ನೋಡುತ್ತಿದ್ದರು. ಆಫೀಸಿನ ಹೆಂಗಸರು, ಶಾಲೆ ಮಕ್ಕಳು, ತಾವರೆ ಮೊಗ್ಗಿನ ಕಟ್ಟು ಹಿಡಿದ ಅಜ್ಜಿ. ಪ್ರವಾಸಿಗಳು ಇದ್ದರು, ಆದರೆ ದೋಣಿ ಅವರಿಗಾಗಿ ಓಡುತ್ತಿರಲಿಲ್ಲ. ನನಗೆ ಹಿಡಿಸಿದ್ದು ಅದು. ಮುಖಕ್ಕೆ ನೀರು ಸಿಡಿಯಿತು, ಗಾಳಿ ಬಂತು. ಎರಡು ದಿನದಿಂದ ಬಿಗಿದಿದ್ದ ಮೈ ಸಡಿಲಾಯಿತು.

ಆಮೇಲೆ ನಾನು ಮಗಳ ಪಟ್ಟಿಗೆ ಸೊಪ್ಪು ಹಾಕಲಿಲ್ಲ. ಎಲ್ಲಿಗೆ ಹೋಗುವುದಿದ್ದರೂ "ದೋಣಿ ಇದೆಯಾ ನೋಡು" ಅನ್ನೋದೇ ಆಯಿತು. ಅಲ್ಲಿನವರು ತಮ್ಮ ಊರಿಗೆ ಬ್ಯಾಂಕಾಕ್ ಅನ್ನುವುದಿಲ್ಲ, ಕ್ರುಂಗ್ ತೇಪ್ ಅನ್ನುತ್ತಾರೆ. ಆ ಊರು ಶುರುವಾದದ್ದೇ ಹೊಳೆ ದಾಟಿ. 1782ರಲ್ಲಿ ಮೊದಲನೇ ರಾಮ ಅನ್ನುವ ರಾಜ ರಾಜಧಾನಿಯನ್ನು ಆಚೆ ದಂಡೆಯ ತೊನ್‌ಬುರಿಯಿಂದ ಈಚೆ ದಂಡೆಗೆ ತಂದ. ಇಟ್ಟ ಪೂರ್ತಿ ಹೆಸರು ಅವರ ಲಿಪಿಯಲ್ಲಿ 168 ಅಕ್ಷರ. ಮಹಾನಗರ, ಅಮರ, ರತ್ನ, ಅಯೋಧ್ಯೆ, ನವರತ್ನ, ರಾಜಧಾನಿ, ಇಂದ್ರ ಕೊಟ್ಟದ್ದು, ವಿಶ್ವಕರ್ಮ ಕಟ್ಟಿದ್ದು... ಹೀಗೇ ಹೋಗುತ್ತದೆ. ಒಡ್ಡೋಲಗದಲ್ಲಿ ರಾಜವೇಷ ತನ್ನ ಬಿರುದು ತಾನೇ ಹೇಳಿಕೊಂಡ ಹಾಗೆ. ಅರ್ಧ ನನಗೆ ಅರ್ಥವೇ ಆಗಿಬಿಟ್ಟಿತು!

ಅರಮನೆಗೂ ದೋಣಿಯಲ್ಲೇ ಹೋದೆವು. ಇಳಿದದ್ದು ತಾ ಚಾಂಗ್‌ನಲ್ಲಿ. 'ತಾ' ಅಂದರೆ ದಕ್ಕೆ, 'ಚಾಂಗ್' ಅಂದರೆ ಆನೆ. ಅರಮನೆ ಬಂದ್ ಆಗಿರಲೇ ಇಲ್ಲ, ಬಿಡು. ಟಿಕೆಟ್ 500 ಬಾತ್ ಅಂದಾಗ ಎದೆ ಧಸಕ್ಕೆಂದಿತು. ಆದರೆ ಒಳಗೆ ಪಚ್ಚೆ ಬುದ್ಧನ ಗುಡಿಯ ಸುತ್ತ ಪ್ರಾಕಾರದ ಗೋಡೆ ಇದೆ ನೋಡು, ಅದಕ್ಕೆ ಇನ್ನೂ ಐನೂರು ಕೇಳಿದರೂ ಕೊಡಬಹುದು. 178 ಚಿತ್ರಗಳಲ್ಲಿ ಇಡೀ ರಾಮಾಯಣ. ಅವರು ಅದಕ್ಕೆ ರಾಮಕಿಯನ್ ಅನ್ನುತ್ತಾರೆ. ರಾವಣ ಅಲ್ಲಿ ತೊಸಕನ್, ಅಂದರೆ ದಶಕಂಠ. ಹಸಿರು ಮೈ.

ಆದರೆ ಹನುಮಂತನ ಕಥೆ ಕೇಳು. ಸೇತುವೆ ಕಟ್ಟುವಾಗ ಕಪಿಗಳು ಹಾಕಿದ ಕಲ್ಲನ್ನು ಮೀನುಗಳು ನೀರಿನಡಿ ಕದ್ದೊಯ್ಯುತ್ತವೆ. ಅವಕ್ಕೆ ನಾಯಕಿ ಸುವರ್ಣಮಚ್ಚಾ, ಸೊಂಟದ ಕೆಳಗೆ ಮೀನು, ರಾವಣನ ಮಗಳು. ಹನುಮಂತ ಹಿಡಿಯಲು ನೀರಿಗೆ ಹಾರುತ್ತಾನೆ. ಹಿಡಿಯುತ್ತಾನೆ. ಆಮೇಲೆ ಇಬ್ಬರಿಗೂ ಪ್ರೀತಿ, ಒಬ್ಬ ಮಗ ಬೇರೆ! ನಮ್ಮ ಬ್ರಹ್ಮಚಾರಿಗೆ! ಈ ಪ್ರಸಂಗವನ್ನು ನಮ್ಮ ತಾಳಮದ್ದಳೆಗೆ ಇಟ್ಟರೆ ಹನುಮಂತನ ಅರ್ಥ ಹೇಳಲು ಯಾರು ಒಪ್ಪುತ್ತಾರೆ, ನೀನೇ ಹೇಳು. ನಾನಂತೂ ತುಂಬಾ ಹೊತ್ತು ನಕ್ಕೆ. ರಾತ್ರಿ ಮಲಗಿದಾಗ ಮಾತ್ರ ಕಾರವಾರದ ಕಾಳಿ ನದಿಯ ಹಳೇ ಸೇತುವೆ ನೆನಪಾಯಿತು. 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತಲ್ಲ, ಲಾರಿ ಸಮೇತ. ಸದಾಶಿವಗಡದ ಬುಡಕ್ಕೂ ಯಾರೋ ಮೀನುಕನ್ಯೆ ಬಂದು ಹೋಗಿರಬೇಕು.

ಸೋಮವಾರ ಊಟಕ್ಕೆ ಫಜೀತಿಯಾಯಿತು. ಸೋಮವಾರ ನಮ್ಮ ಮನೆಯಲ್ಲಿ ಮೀನಿಲ್ಲ, ನಿನಗೆ ಗೊತ್ತು. ಅಲ್ಲಿ ಬರೀ ಸೊಪ್ಪಿನ ಪಲ್ಯ ಕೇಳಿದರೂ ಮೇಲೆ ಮೀನಿನ ರಸ ಸುರಿಯುತ್ತಾರೆ. ಉಪ್ಪಿನ ಜಾಗದಲ್ಲಿ ಅದೇ. ಕೊನೆಗೆ ಹಳದಿ ಬಾವುಟದಲ್ಲಿ ಕೆಂಪು ಅಕ್ಷರ ಬರೆದ ಅಂಗಡಿ ಹುಡುಕಬೇಕು ಅಂತ ಗೊತ್ತಾಯಿತು. ಅದು 'ಜೇ' ಊಟ. ಮೀನು ಮಾಂಸ ಬಿಡು, ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ. ನಮ್ಮ ಭಟ್ಟರ ಮನೆಗಿಂತ ಕಟ್ಟುನಿಟ್ಟು. ಮಂಗಳವಾರ ಮಾತ್ರ ನಾನು ಬಡ್ಡಿ ಸಮೇತ ತೀರಿಸಿಕೊಂಡೆ. ಅಂಟು ಅನ್ನಕ್ಕೆ ಮಾವಿನ ಹಣ್ಣು, ಮೇಲೆ ತೆಂಗಿನ ಹಾಲು ಹಾಕಿ ಕೊಡುತ್ತಾರೆ, ಬೊಂಬಾಟ್. ಹಣ್ಣಿನಲ್ಲಿ ಮಾತ್ರ ಅಂಕೋಲೆಯ ಕರಿ ಈಶಾಡೇ ಮೇಲು. ಇದನ್ನು ಯಾರ ಎದುರೂ ಹೇಳುತ್ತೇನೆ.

ಒಂದು ಸಂಜೆ ಆರು ಗಂಟೆಗೆ ರೈಲು ನಿಲ್ದಾಣದಲ್ಲಿದ್ದೆವು. ಸ್ಪೀಕರಿನಲ್ಲಿ ಏನೋ ಹಾಡು ಶುರುವಾಯಿತು. ನಾನು ನಡೆಯುತ್ತಲೇ ಇದ್ದೆ. ತಿರುಗಿ ನೋಡಿದರೆ ಇಡೀ ನಿಲ್ದಾಣ ಕಂಬದ ಹಾಗೆ ನಿಂತಿದೆ. ದಿನಾ ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ರಾಷ್ಟ್ರಗೀತೆಯಂತೆ. ಅಷ್ಟು ಗಡಿಬಿಡಿಯ ಊರು ಒಂದು ನಿಮಿಷ ತಟಸ್ಥ. ನಾಚಿಕೆಯಾಗಿ ಒಂದು ಕಾಲು ಮುಂದಿಟ್ಟಲ್ಲೇ ನಿಂತುಬಿಟ್ಟೆ.

ಕೊನೆಯ ದಿನ ಕಾಲುವೆಯ ದೋಣಿ. ಸೆನ್ ಸೆಪ್ ಅಂತ ಕಾಲುವೆಯ ಹೆಸರು. ಸೊಳ್ಳೆ ಕಾಟಕ್ಕೆ 'ಲಕ್ಷ ಸಲ ಚುಚ್ಚೋದು' ಅಂತ ಈ ಹೆಸರು ಬಂತು ಅನ್ನುತ್ತಾರೆ. ಮೂರನೇ ರಾಮನ ಕಾಲದಲ್ಲಿ, 1837ರಲ್ಲಿ, ಯುದ್ಧಕ್ಕೆ ಸೈನ್ಯ ಸಾಗಿಸಲು ತೋಡಿಸಲು ಶುರು ಮಾಡಿದ್ದು. ಈಗ ಆಫೀಸಿಗೆ ಹೋಗುವವರ ಸೈನ್ಯ. ನೀರು ಕಪ್ಪು, ವಾಸನೆ ಬೇರೆ. ಸುಳ್ಳು ಯಾಕೆ ಹೇಳಲಿ. ಕೊಳಕು ನೀರು ಸಿಡಿಯದ ಹಾಗೆ ಬದಿಗೆ ಪ್ಲಾಸ್ಟಿಕ್ ಪರದೆ, ಕೂತವರೇ ಹಗ್ಗ ಜಗ್ಗಿ ಮೇಲೇರಿಸಬೇಕು. ಟಿಕೆಟಿನವನು ಹೆಲ್ಮೆಟ್ ಹಾಕಿಕೊಂಡು ದೋಣಿಯ ಹೊರಗಿನ ಅಂಚಿನ ಮೇಲೆ ನಡೆಯುತ್ತಾನೆ. ಸೇತುವೆ ಬಂದರೆ ತಲೆ ಬಗ್ಗಿಸುತ್ತಾನೆ. ಮೇಲೆ ರಸ್ತೆಯಲ್ಲಿ ಕಾರುಗಳು ನಿಂತೇ ಇದ್ದವು, ನಾವು ಕೆಳಗೆ ಸೊಯ್ಯನೆ ಹೋದೆವು. ಹಿಂದೆ ಅಲ್ಲಿ ಕಾಲುವೆಗಳೇ ಬೀದಿಗಳಾಗಿದ್ದವಂತೆ, ಎಷ್ಟೋ ಕಾಲುವೆಗಳನ್ನು ಮುಚ್ಚಿ ರಸ್ತೆ ಮಾಡಿದರು. ಈ ಕಾಲುವೆಯಲ್ಲಿ ದಿನಬಳಕೆಯ ದೋಣಿ ಶುರುವಾದದ್ದು 1990ರಲ್ಲಿ. ಅಂದರೆ ರಸ್ತೆ ಕಟ್ಟಿ, ರಸ್ತೆ ತುಂಬಿ, ಮತ್ತೆ ನೀರಿಗೆ ಇಳಿದಿದ್ದಾರೆ.

ನಿನಗೆ ನೆನಪಿದೆಯಾ, ಶಿವರಾತ್ರಿಗೆ ಗೋಕರ್ಣಕ್ಕೆ ಹೋಗುವಾಗ ಅಘನಾಶಿನಿ ದಾಟಿದ್ದು? ಇಳಿತ ಇತ್ತು, ದೋಣಿ ದಡಕ್ಕೆ ಬರಲಿಲ್ಲ. ಕೆಸರಿನಲ್ಲಿ ಇಳಿದು ನಡೆದೆವು. ನಿನ್ನ ಹೊಸಾ ಚಪ್ಪಲಿ ಒಂದು ಅಲ್ಲೇ ಹೂತು ಹೋಯಿತು. ಒಂಟಿ ಚಪ್ಪಲಿ ಕೈಯಲ್ಲಿ ಹಿಡಿದು ಮಹಾಬಲೇಶ್ವರನ ಎದುರು ನಿಂತಿದ್ದೆ ನೀನು. ಈಗ ಯಾರಿದ್ದಾರೆ ಆ ದಾರಿಯಲ್ಲಿ? ನಾನೂ ಗೋಕರ್ಣಕ್ಕೆ ಹೋಗುವುದಿದ್ದರೆ ಹೈವೇ ಹಿಡಿದು ಬೈಕಿನಲ್ಲೇ ಸುತ್ತಿ ಹೋಗುತ್ತೇನೆ. ಎಷ್ಟು ವರ್ಷವಾಗಿತ್ತೋ ದೋಣಿ ಹತ್ತದೆ.

ಹಾಗಾಗಿ ಬಂದ ವಾರದಲ್ಲೇ, ಮಳೆ ಶುರುವಾಗುವ ಮೊದಲು, ಒಂದು ಸಂಜೆ ಅಂಗಡಿಯನ್ನು ಹುಡುಗನಿಗೆ ಬಿಟ್ಟು ಅಘನಾಶಿನಿಗೆ ಹೋದೆ. ದೋಣಿಯಲ್ಲಿ ನಾವು ಐದು ಜನ, ಎರಡು ಬೈಕು, ಬೆಳಚಿನ ಚೀಲ ಇಟ್ಟುಕೊಂಡ ಒಬ್ಬ ಹೆಂಗಸು. ಆಚೆ ತದಡಿಯಲ್ಲಿ ಎಲ್ಲರೂ ಇಳಿದರು. ನಾನು ಕೂತೇ ಇದ್ದೆ. "ಎಲ್ಲಿಗೆ ಹೋಗೋದು ನಿಮಗೆ?" ಅಂದ ದೋಣಿಯವನು. "ಎಲ್ಲಿಗೂ ಇಲ್ಲ, ಸುಮ್ನೆ. ಇದೇ ದೋಣಿಗೆ ವಾಪಸ್" ಅಂದೆ. ಒಂದು ಸಲ ಮೇಲಿಂದ ಕೆಳಗೆ ನೋಡಿದ. ಈಚೆ ದಡಕ್ಕೆ ಬಂದು ಎರಡು ಸಲದ ದುಡ್ಡು ಕೊಟ್ಟರೆ ಅರ್ಧ ವಾಪಸ್ ಕೊಟ್ಟ.

"ನೀವು ಆಚೆ ಇಳಿಯಲೇ ಇಲ್ಲವಲ್ಲ" ಅಂದ.

ಚೌತಿಗೆ ಬರುತ್ತೀಯಲ್ಲ, ನಿನಗೆ ಅಂತ ಹುಣಸೆ ಮಿಠಾಯಿ ತೆಗೆದಿಟ್ಟಿದ್ದೇನೆ. ಡಬ್ಬಿ ಮೇಲೆ 2568 ಅಂತ ಇಸವಿ ಇದೆ, ಹೆದರಬೇಡ, ಅವರು ಬುದ್ಧನ ಲೆಕ್ಕ ಹಿಡಿದು ನಮಗಿಂತ 543 ವರ್ಷ ಮುಂದಿದ್ದಾರೆ. ಬರುವಾಗ ಹಳೇ ಚಪ್ಪಲಿ ಹಾಕಿಕೊಂಡು ಬಾ.

ನಿನ್ನ ಹಳೇ ದೋಸ್ತ