ಐವತ್ತೊಂದು ಕಿಲೋಮೀಟರಿನ ಋಣ

ಕುಕ್ಕರಹಳ್ಳಿ ಕೆರೆಯ ಬೆಳಗಿನ ಓಟದ ಬಳಗ ಈ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಹಳೇ ರೈಲು ಮಾರ್ಗದ ಹಳಿ ಕಿತ್ತು ಮಾಡಿದ ಗ್ರೇಟ್ ಅಲೆಘೆನಿ ಪ್ಯಾಸೇಜ್ ಹಾದಿಯಲ್ಲಿ ಕಂಬರ್‌ಲ್ಯಾಂಡ್‌ನಿಂದ ಮೈಯರ್ಸ್‌ಡೇಲ್‌ವರೆಗಿನ 51 ಕಿಲೋಮೀಟರನ್ನು ಎರಡು ದಿನದಲ್ಲಿ ಓಡಿ ಮುಗಿಸಿತು. ಹೋದವರೆಲ್ಲ ಮಂಡಿ, ಹಿಮ್ಮಡಿ ಗಟ್ಟಿಯಾಗಿಯೇ ವಾಪಸು ಬಂದರು. ಅದರ ಹಿಂದೆ ಮೈಸೂರು, ಮಂಡ್ಯದ ಹಲವರ ಕೈಯಿದೆ. ಯಾರು ಏನು ಕಲಿಸಿದರು ಎಂದು ಬಿಡಿಸಿ ಹೇಳದೆ ಬರೀ ‘ಧನ್ಯವಾದ’ ಅಂದರೆ ಆ ಕಲಿಕೆಗೇ ಮರ್ಯಾದೆ ಕೊಟ್ಟಂತಾಗದು.

ಮೊದಲ ನಮಸ್ಕಾರ ರೈಲು ಹಳಿ ನೋಡಿಕೊಳ್ಳುತ್ತಿದ್ದ ಮೈಸೂರಿನ ನಿವೃತ್ತ ಗ್ಯಾಂಗ್‌ಮನ್ ಅಜ್ಜನಿಗೆ. ಇಳಿಜಾರು ಎಷ್ಟೆಂದು ತೋರಿಸುವ ಹಳಿ ಪಕ್ಕದ ಕಂಬ ಓದುವುದನ್ನು ಹೇಳಿಕೊಟ್ಟವರು ಅವರು. 50ಕ್ಕೆ 1 ಅಂದರೆ ಐವತ್ತು ಮೀಟರು ಹೋದರೆ ಒಂದು ಮೀಟರು ಏರು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಟ್ಟದ ಹಳಿ ಅಷ್ಟು ಕಡಿದು. ಕಂಬರ್‌ಲ್ಯಾಂಡ್‌ನಿಂದ ಏರುವ ಹಾದಿ ಅದಕ್ಕಿಂತ ಸೌಮ್ಯ: ಸುಮಾರು 38 ಕಿಲೋಮೀಟರಿನಲ್ಲಿ 540 ಮೀಟರ್ ಏರು, ಅಂದರೆ ಸರಾಸರಿ 70ಕ್ಕೆ 1. ರೈಲಿನ ಚಕ್ರ ಕಬ್ಬಿಣದ ಹಳಿಯ ಮೇಲೆ ಜಾರದೆ ಎಳೆಯಬೇಕಾದ್ದರಿಂದ ಬೆಟ್ಟದಲ್ಲೂ ಹಾದಿ ಹೀಗೆ ಹಾವಿನಂತೆ ಸುತ್ತಿ ಹೋಗುತ್ತದೆ.

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವವರಿಗೆ ಇದು ಏನು ಮಹಾ ಎಂಬ ಮಾತು ಬಂದಾಗ ಅಜ್ಜ ಒಪ್ಪಲಿಲ್ಲ. ಅವರು ಹೇಳಿದ್ದೇ ಸರಿ. ಮೆಟ್ಟಿಲಲ್ಲಿ ಏದುಸಿರು ಬಂದರೆ ನಿಲ್ಲುತ್ತೀರಿ. ಇಲ್ಲಿ ಏದುಸಿರೇ ಬರುವುದಿಲ್ಲ, ಹಾಗಾಗಿ ನಿಲ್ಲುವುದೂ ಇಲ್ಲ. ತಗ್ಗು ದಿಣ್ಣೆ ಇಲ್ಲದ ಕಡೆ ಅದೇ ಸ್ನಾಯು, ಅದೇ ಕೋನದಲ್ಲಿ ಗಂಟೆಗಟ್ಟಲೆ ದುಡಿಯುತ್ತದೆ. ಮೀನಖಂಡ ಹದಿನೈದು ಕಿಲೋಮೀಟರ್ ಆದ ಮೇಲೆ ಬಿಗಿಯತೊಡಗುತ್ತದೆ. ಸಮತಟ್ಟಿನಲ್ಲಿ ಕಿಲೋಮೀಟರಿಗೆ ಏಳು ನಿಮಿಷ ತೆಗೆದುಕೊಳ್ಳುವವರು ಈ ಏರಿನಲ್ಲಿ 20 ಸೆಕೆಂಡು ಹೆಚ್ಚು ಇಟ್ಟುಕೊಂಡರೆ ಕೊನೆವರೆಗೆ ಮಾತಾಡಿಕೊಂಡೇ ಹೋಗಬಹುದು. ವಾಚಿನ ವೇಗ ನೋಡಿ ಹಟಕ್ಕೆ ಬಿದ್ದರೆ ಎರಡನೇ ದಿನ ಕಾಲು ಏಳುವುದಿಲ್ಲ.

ಅಜ್ಜ ಗದರಿದ್ದು ಇನ್ನೊಂದು ಮಾತಿಗೆ. ಅಭ್ಯಾಸಕ್ಕೆ ಘಟ್ಟದ ಹಳಿ ಮೇಲೆ ನಡೆದರಾಯಿತಲ್ಲ ಎಂದು ಕೇಳಿದವರಿಗೆ, ಅದು ರೈಲು ಓಡಾಡುವ ಮಾರ್ಗ, ಅಲ್ಲಿ ಕಾಲಿಡುವುದೇ ಅಪರಾಧ ಎಂದರು. 1989ರ ರೈಲ್ವೆ ಕಾಯ್ದೆಯ 147ನೇ ಕಲಂನಡಿ ಆರು ತಿಂಗಳವರೆಗೆ ಸಜೆಯಾಗಬಹುದು. ಹಳಿಯಡಿಯ ಅಡ್ಡಪಟ್ಟಿಗಳು, ಅಂದರೆ ಸ್ಲೀಪರ್‌ಗಳು, ಸುಮಾರು 60 ಸೆಂಟಿಮೀಟರಿಗೊಂದು ಇರುವುದರಿಂದ ನಮ್ಮ ಹೆಜ್ಜೆಗೂ ಹೊಂದುವುದಿಲ್ಲ. ಅಮೆರಿಕದಲ್ಲಾದರೆ ರೈಲು ನಿಂತುಹೋದ ಮೇಲೆ ಹಳಿ, ಸ್ಲೀಪರ್ ಕಿತ್ತು, ಕೆಳಗಿನ ಜಲ್ಲಿ ಹಾಸಿನ ಮೇಲೆ ಪುಡಿಗಲ್ಲು ಹರಡಿ ಅದುಮಿದ್ದಷ್ಟೇ ಓಟದ ಹಾದಿ. ಆ ಹಳೇ ಜಲ್ಲಿ ಇರುವುದರಿಂದಲೇ ಮಳೆ ನಿಂತ ಸ್ವಲ್ಪ ಹೊತ್ತಿಗೆ ನೀರು ಇಂಗಿಹೋಗುತ್ತದೆ.

ಮಂಡ್ಯದ ನಾಲೆ ಬಯಲಿನ ರೈತ ಮನೆಗಳಿಗೆ ವಿಶೇಷ ಕೃತಜ್ಞತೆ. ಸಿಗ್ನಲ್ಲು, ಹಾರ್ನು ಇಲ್ಲದೆ ಒಂದೇ ಸಮ ಓಡಬಲ್ಲ ಮಣ್ಣಿನ ಹಾದಿ ನಮ್ಮ ಸೀಮೆಯಲ್ಲಿ ನಾಲೆ ಏರಿ ಬಿಟ್ಟರೆ ಎಲ್ಲಿದೆ? ಭಾನುವಾರ 18ರಿಂದ ಶುರುವಾಗಿ 28 ಕಿಲೋಮೀಟರ್‌ವರೆಗೆ, ಪ್ರತಿ ನಾಲ್ಕನೇ ವಾರ ಮೂರನೇ ಒಂದು ಭಾಗ ಇಳಿಸಿ ಓಡಿದ್ದು ಅಲ್ಲಿಯೇ. ಬೆಳಕು ಹರಿಯುವ ಮುಂಚೆ ಏರಿ ಮೇಲೆ ಕಾಲಿಡಬೇಡಿ, ತಡೆಗೋಡೆ ಇಲ್ಲದ ಕಡೆ ನೀರಿನ ಬದಿಗೆ ಸರಿಯಬೇಡಿ, ಗಾಡಿ ಬಂದರೆ ನೀವೇ ನಿಂತು ಜಾಗ ಬಿಡಿ ಎಂದು ಅವರು ಹೇಳಿದ್ದನ್ನು ಯಾರೂ ಮೀರಲಿಲ್ಲ. ಕುಡಿಯಲು ನೀರು, ಜೊತೆಗೆ ಆಲೆಮನೆಯ ಅಚ್ಚು ಬೆಲ್ಲ ಕೊಟ್ಟು ಕಳಿಸಿದರು. ಬೆಲ್ಲ ಬರೀ ಉಪಚಾರವಲ್ಲ. ದೀರ್ಘ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕು. ಅರ್ಧ ನೆಲ್ಲಿಕಾಯಿ ಗಾತ್ರದ ಚೂರನ್ನು ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ಗುಟುಕು ನೀರಿನೊಡನೆ ತಿಂದರೆ ಹೊಟ್ಟೆ ತೊಳಸುವುದಿಲ್ಲ. ಒಮ್ಮೆಗೇ ದೊಡ್ಡ ಉಂಡೆ ನುಂಗಿದರೆ ತೊಳಸುತ್ತದೆ.

ಫಿಸಿಯೋಥೆರಪಿ ಅಕ್ಕನಿಗೆ ಬಳಗ ಎಷ್ಟು ಋಣಿಯೋ ಹೇಳತೀರದು. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು. ನೋವು ಬರುವುದು ಅದರಿಂದ, ಅದೂ ಮಾರನೇ ದಿನ. ಆದರೆ ಒಮ್ಮೆ ಇಳಿದ ಸ್ನಾಯು ಮುಂದಿನ ಕೆಲವು ವಾರ ಅದೇ ಪೆಟ್ಟನ್ನು ಚೆನ್ನಾಗಿ ತಾಳುತ್ತದೆ. ಅದಕ್ಕೇ ಹೊರಡುವ ಐದು ವಾರ ಮುಂಚೆ ಒಮ್ಮೆ, ಮೂರು ವಾರ ಮುಂಚೆ ಇನ್ನೊಮ್ಮೆ ಚಾಮುಂಡಿ ಬೆಟ್ಟದ ಟಾರು ರಸ್ತೆಯಲ್ಲಿ ನಿಧಾನಕ್ಕೆ ಇಳಿಸಿದರು. ಹಿಮ್ಮಡಿ ನರ ಹಿಡಿದವರಿಗೆ ಮೆಟ್ಟಿಲಂಚಿನಲ್ಲಿ ಬೆರಳೂರಿ, ಹಿಮ್ಮಡಿಯನ್ನು ಮೂರೆಣಿಕೆಯಲ್ಲಿ ಕೆಳಗಿಳಿಸುವ ವ್ಯಾಯಾಮ: ಹದಿನೈದರಂತೆ ಮೂರು ಸಲ, ಬೆಳಿಗ್ಗೆ ಸಂಜೆ. ಹನ್ನೆರಡು ವಾರ ಬಿಡದೆ ಮಾಡಿದವರಿಗೆ ಗುಣ ಕಂಡಿತು. ಶೂನಲ್ಲಿ ಹೆಬ್ಬೆರಳ ಮುಂದೆ ಒಂದು ಹೆಬ್ಬೆಟ್ಟಿನಗಲ ಜಾಗ ಬಿಡಿ ಎಂದೂ ಅವರೇ ಹೇಳಿದ್ದು. ಹಾಗಾಗಿ ಇಳಿಜಾರಿನಲ್ಲಿ ಒಬ್ಬರದೂ ಉಗುರು ಕಪ್ಪಾಗಲಿಲ್ಲ. ಪುಡಿಗಲ್ಲಿಗೆ ಆಳ ಹಲ್ಲಿನ ಶೂ ಬೇಕಿಲ್ಲ, ರಸ್ತೆ ಶೂ ಸಾಕು. ಕಣಕಾಲು ಮುಚ್ಚುವಷ್ಟು ಉದ್ದದ ಕಾಲುಚೀಲ ಮಾತ್ರ ಇರಲಿ, ಒಳಗೆ ಸೇರಿದ ಒಂದು ಹರಳು ಐದು ಕಿಲೋಮೀಟರಿನಲ್ಲಿ ಬೊಬ್ಬೆ ಎಬ್ಬಿಸುತ್ತದೆ.

ಅಮೆರಿಕದ ಕಡೆಯ ಸ್ವಯಂಸೇವಕರನ್ನು ಹೇಗೆ ಮರೆಯುವುದು. ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ವೆ 1912ರಲ್ಲಿ ತೆರೆದಿದ್ದ ಮಾರ್ಗ 1975ರಲ್ಲಿ ನಿಂತ ಮೇಲೆ, ಅದನ್ನು ತುಂಡು ತುಂಡಾಗಿ ಹಾದಿ ಮಾಡುತ್ತ ಬಂದು 2013ರಲ್ಲಿ ಪಿಟ್ಸ್‌ಬರ್ಗ್‌ವರೆಗೆ, ಸುಮಾರು 240 ಕಿಲೋಮೀಟರ್, ಪೂರ್ತಿ ಜೋಡಿಸಿದರು. ಸುರಂಗಗಳ ಬಗ್ಗೆ ಅವರು ಕೊಟ್ಟ ಸೂಚನೆ ಬಂಗಾರ. ಬ್ರಷ್ ಸುರಂಗದಲ್ಲಿ ಹಾದಿಯೂ, ಪ್ರವಾಸಿ ರೈಲಿನ ಹಳಿಯೂ ಅಕ್ಕಪಕ್ಕ ಇವೆ. ಸಿಳ್ಳೆ ಕೇಳಿದರೆ ಹೊರಗೇ ನಿಂತು ರೈಲನ್ನು ಮುಂದೆ ಬಿಡಬೇಕು. ಸುಮಾರು 290 ಮೀಟರಿನ ಬೋರ್ಡನ್ ಸುರಂಗದಲ್ಲಿ ದೀಪವಿಲ್ಲ. ಕಣ್ಣು ಕತ್ತಲಿಗೆ ಒಗ್ಗಲು ಹತ್ತು ನಿಮಿಷವಾದರೂ ಬೇಕು, ಸುರಂಗ ಮುಗಿಯುವುದು ಎರಡೇ ನಿಮಿಷದಲ್ಲಿ. ಹಾಗಾಗಿ ಕಣ್ಣನ್ನು ನಂಬದೆ ಹಣೆದೀಪ ಹಚ್ಚಲೇಬೇಕು. ಒಂದು ಕಿಲೋಮೀಟರಿನ ಬಿಗ್ ಸ್ಯಾವೇಜ್‌ನಲ್ಲಿ ದೀಪಗಳಿವೆ, ಚಳಿಯೂ ಇದೆ. ಬೆವರಿದ ಮೈಗೆ ತೆಳು ಅಂಗಿಯೊಂದನ್ನು ಸುರಂಗದ ಬಾಯಲ್ಲೇ ಹಾಕಿಕೊಂಡು ಒಳಹೋಗುವುದು ಲೇಸು. ಜಿನುಗುವ ನೀರು ಹೆಪ್ಪುಗಟ್ಟಿ ಗೋಡೆ ಒಡೆಯದಿರಲಿ ಎಂದು ಚಳಿಗಾಲದಲ್ಲಿ ಅದರ ಬಾಗಿಲು ಮುಚ್ಚುತ್ತಾರೆ. ಹೋಗುವವರು ತಾರೀಕು ಕೇಳಿಯೇ ಹೊರಡಿ.

ಸುರಂಗ ದಾಟಿ ಮೂರು ಕಿಲೋಮೀಟರಿನಷ್ಟು ಹೋದರೆ 729 ಮೀಟರ್ ಎತ್ತರದ ನೀರಿನ ಗಡಿ. ಈ ಬದಿಯ ಹನಿ ಅಟ್ಲಾಂಟಿಕ್‌ಗೆ, ಆ ಬದಿಯದು ಮೆಕ್ಸಿಕೋ ಕೊಲ್ಲಿಗೆ. ಹೇಮಾವತಿಯ ಹನಿ ಕನ್ನಂಬಾಡಿಗೆ ಬಂದು ಮಂಡ್ಯದ ಗದ್ದೆ ಸೇರಿದರೆ, ಘಟ್ಟದ ಆಚೆ ಬಿದ್ದದ್ದು ಕುಮಾರಧಾರೆಯಾಗಿ ಪಡುವಣಕ್ಕೆ ಹರಿಯುವ ಹಾಗೆ.

ದಸರೆಯ ನೆಂಟರಿಷ್ಟರ ನಡುವೆಯೂ ಬೆಳಗಿನ ನಾಲ್ಕೂವರೆಗೆ ಬಾಗಿಲು ತೆಗೆದು ಕಳಿಸಿದ ಮನೆಯವರಿಗೆಲ್ಲ ಕೈಮುಗಿದು ವಂದನೆ. ಬಳಗದ ಹಣೆದೀಪಗಳನ್ನು ಚಾರ್ಜ್ ಮಾಡಿ ಒರೆಸಿ ಇಟ್ಟಿದ್ದೇವೆ. ಮುಂದಿನ ವರ್ಷ ಹೊರಡುವವರು ಯಾವುದಾದರೂ ಭಾನುವಾರ ಕೆರೆ ಹತ್ತಿರ ಬಂದು ತೆಗೆದುಕೊಂಡು ಹೋಗಿ.